ನೈನ್ ಎಂಎಂ, ಬತ್ತೀಸ್ ಬೋರ್: ಕೈಗೆ ಬೀಳುವ ಪೆಟ್ಟಿನ ಲೆಕ್ಕ

ನಮ್ಮ ಕಡೆ ಪಿಸ್ತೂಲಿನ ಲೈಸೆನ್ಸ್‌ಗೆ ಓಡಾಡುತ್ತಿರುವವರು ನನ್ನನ್ನು ಕಂಡರೆ ಕೇಳುವ ಮೊದಲ ಪ್ರಶ್ನೆ, ‘ಬತ್ತೀಸ್ ಬೋರ್ ಅಂದ್ರ ಒದಿಯಂಗಿಲ್ಲ, ಹೌದಿಲ್ರೀ?’ ಎಂಬುದು. ಕೇಳುವವರು ಗುತ್ತಿಗೆದಾರರಿರಬಹುದು, ಕಾಲುವೆ ನೀರಿನಲ್ಲಿ ಭತ್ತ ಬೆಳೆದು ಚೇತರಿಸಿಕೊಂಡ ರೈತರಿರಬಹುದು, ಶಹಾಪುರದ ಬಂಗಾರದ ಅಂಗಡಿಯವರಿರಬಹುದು. ಎಲ್ಲರ ತಲೆಯಲ್ಲೂ ಒಂದೇ ಲೆಕ್ಕ: ಸಣ್ಣ ಗುಂಡು, ಸಣ್ಣ ಪಿಸ್ತೂಲು, ಸಣ್ಣ ಪೆಟ್ಟು. ಪೊಲೀಸ್ ಅಧಿಕಾರಿಯ ಸೊಂಟದಲ್ಲಿರುವ ನೈನ್ ಎಂಎಂಗೆ ಗಟ್ಟಿ ಕೈ ಬೇಕು, ಬತ್ತೀಸ್ ಬೋರನ್ನು ಯಾರು ಬೇಕಾದರೂ ಹೊಡೆಯಬಹುದು ಎಂಬ ನಂಬಿಕೆ.

ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ನನ್ನ ಸೇವೆಯ ಬಹುಪಾಲು ಕಳೆದದ್ದು ಫೈರಿಂಗ್ ರೇಂಜಿನಲ್ಲಿ. ಕಾನ್‌ಸ್ಟೇಬಲ್‌ಗಳಿಂದ ಹಿಡಿದು ಮೇಲಿನ ಅಧಿಕಾರಿಗಳವರೆಗೆ ವಾರ್ಷಿಕ ಫೈರಿಂಗ್ ಮಾಡಿಸಿದ್ದೇನೆ. ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳಲ್ಲಿ ಮೇಷ್ಟರಿಗೆ, ಕಾಲೇಜು ಹುಡುಗರಿಗೆ, ಗೃಹಿಣಿಯರಿಗೆ ಬಂದೂಕು ಹಿಡಿಯುವುದನ್ನು ಕಲಿಸಿದ್ದೇನೆ. ಈಗ ನಿವೃತ್ತನಾಗಿ ಭೀಮರಾಯನಗುಡಿಯಲ್ಲಿ ಮನೆ ಮಾಡಿಕೊಂಡಿದ್ದೇನೆ. ಮೇಲೆ ಹೇಳಿದ ನಂಬಿಕೆ ಅರ್ಧ ಮಾತ್ರ ನಿಜ ಎಂದು ಇಷ್ಟು ವರ್ಷ ಬಾಯಲ್ಲಿ ಹೇಳುತ್ತಾ ಬಂದವನು ಈಗ ಬರೆದು ಹೇಳುತ್ತಿದ್ದೇನೆ. ಬೇರೆ ವಸ್ತುಗಳ ವಿಷಯದಲ್ಲಿ ಅರ್ಧ ತಿಳಿವಳಿಕೆ ಇದ್ದರೆ ದುಡ್ಡು ಹೋಗುತ್ತದೆ, ಬಂದೂಕಿನ ವಿಷಯದಲ್ಲಿ ಜೀವ ಹೋಗುತ್ತದೆ.

ಎರಡು ಗುಂಡುಗಳ ಹುಟ್ಟು

ಬತ್ತೀಸ್ ಬೋರ್ ಎಂದು ನಾವು ಕರೆಯುವ .32 ಪಿಸ್ತೂಲಿನ ಗುಂಡು 1899ರ ಸುಮಾರಿಗೆ ಹುಟ್ಟಿದ್ದು. ಅಮೆರಿಕದ ಜಾನ್ ಬ್ರೌನಿಂಗ್ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಗಾಗಿ ಇದನ್ನು ರೂಪಿಸಿದ. ಮಿಲಿಮೀಟರ್ ಲೆಕ್ಕದಲ್ಲಿ ಇದು 7.65. ಮೂರು ವರ್ಷದ ನಂತರ, 1902ರಲ್ಲಿ, ಆಸ್ಟ್ರಿಯಾದ ಗಿಯಾರ್ಗ್ ಲೂಗರ್ 9 ಎಂಎಂ ಗುಂಡನ್ನು ತಂದ. ಇವತ್ತು ಪ್ರಪಂಚದ ಅತಿ ಹೆಚ್ಚು ಸೈನ್ಯ, ಪೊಲೀಸ್ ಪಡೆಗಳ ಪಿಸ್ತೂಲಿನಲ್ಲಿರುವುದು ಅದೇ. ಎರಡೂ ನೂರು ವರ್ಷ ದಾಟಿದವು, ಎರಡೂ ಇನ್ನೂ ಕಾರ್ಖಾನೆಯಿಂದ ಹೊರಬರುತ್ತಲೇ ಇವೆ.

ನಮ್ಮ ಪೊಲೀಸರು ಬಹುಕಾಲದಿಂದ ಹಿಡಿದ 9 ಎಂಎಂ ಪಿಸ್ತೂಲು ಪಶ್ಚಿಮ ಬಂಗಾಳದ ಇಛಾಪುರದ ರೈಫಲ್ ಕಾರ್ಖಾನೆಯದು. ‘ಪಿಸ್ಟಲ್ ಆಟೊ 9 ಎಂಎಂ 1ಎ’ ಎಂದು ಅದರ ಹೆಸರು. ಅದರ ಮೂಲವೂ ಬ್ರೌನಿಂಗೇ. ಅವನು ಶುರು ಮಾಡಿದ ವಿನ್ಯಾಸವನ್ನು ಅವನು ತೀರಿಕೊಂಡ ಮೇಲೆ ಬೆಲ್ಜಿಯಂನ ದ್ಯೂದೊನೆ ಸೈವ್ ಮುಗಿಸಿದ. 1935ರಲ್ಲಿ ಅದು ‘ಹೈ ಪವರ್’ ಎಂಬ ಹೆಸರಿನಲ್ಲಿ ಬಳಕೆಗೆ ಬಂತು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಕೆನಡಾದ ಇಂಗ್ಲಿಸ್ ಕಂಪನಿ ಅದನ್ನು ತಯಾರಿಸಿತು, ಆ ಮಾದರಿಯನ್ನೇ ನಮ್ಮ ಕಾರ್ಖಾನೆ ಹಿಡಿಯಿತು. ಮ್ಯಾಗಜಿನ್‌ನಲ್ಲಿ 13 ಗುಂಡು ಕೂರುತ್ತವೆ. ಈಚೆಗೆ ಕೆಲವು ಪಡೆಗಳಿಗೆ ಗ್ಲಾಕ್ ಪಿಸ್ತೂಲು ಬಂದಿದೆ, ಅದರಲ್ಲೂ ಗುಂಡು ಇದೇ 9 ಎಂಎಂ.

ಸಾರ್ವಜನಿಕರಿಗೆ ಈ ಗುಂಡು ಸಿಗುವುದಿಲ್ಲ. 1959ರ ಆಯುಧ ಕಾಯ್ದೆಯ ಚೌಕಟ್ಟಿನಲ್ಲಿ 9 ಎಂಎಂ ನಿಷೇಧಿತ ಬೋರ್. ಹಾಗಾಗಿ ಲೈಸೆನ್ಸ್ ಪಡೆದವರು ಕೊಳ್ಳುವುದು ಹೆಚ್ಚಾಗಿ .32. ಅದರಲ್ಲೂ ಎರಡು ಜಾತಿ. ಇಛಾಪುರದ ‘ಅಶನಿ’ಯಂಥ ಪಿಸ್ತೂಲು ಒಂದು, ಕಾನ್ಪುರದ ಕಾರ್ಖಾನೆಗಳ ರಿವಾಲ್ವರ್ ಇನ್ನೊಂದು. ಎರಡನ್ನೂ ಬತ್ತೀಸ್ ಬೋರ್ ಎಂದೇ ಕರೆದರೂ ಗುಂಡು ಬೇರೆ ಬೇರೆ. ರಿವಾಲ್ವರಿನ ಗುಂಡು ಉದ್ದ, ಪಿಸ್ತೂಲಿನದು ಗಿಡ್ಡ. ಒಂದರದ್ದನ್ನು ಇನ್ನೊಂದಕ್ಕೆ ಹಾಕಲು ಎಂದೂ ಹೋಗಬಾರದು. ಇಷ್ಟನ್ನು ಲೈಸೆನ್ಸ್‌ದಾರರು ಮನಸ್ಸಿನಲ್ಲಿ ಬರೆದಿಟ್ಟುಕೊಂಡರೆ ಅರ್ಧ ಅನಾಹುತ ತಪ್ಪುತ್ತದೆ.

ತಕ್ಕಡಿಯಲ್ಲಿಟ್ಟು ನೋಡಿದರೆ

ಒದೆತ ಎಂದರೆ ಏನು? ಪಿಯುಸಿ ಹುಡುಗರನ್ನು ಕೇಳಿದರೆ ನ್ಯೂಟನ್ನನ ಮೂರನೇ ನಿಯಮ ಎನ್ನುತ್ತಾರೆ. ಗುಂಡು ಮುಂದಕ್ಕೆ ಹೋದಷ್ಟೇ ರಭಸ ಪಿಸ್ತೂಲಿಗೆ ಹಿಂದಕ್ಕೆ ಸಿಗುತ್ತದೆ. ರಭಸ ಎಂದರೆ ತೂಕವನ್ನು ವೇಗದಿಂದ ಗುಣಿಸಿದ್ದು. ಹಗುರ ಗುಂಡು ಬಹಳ ಬೇಗ ಹೋಗುತ್ತದೆ, ಭಾರದ ಪಿಸ್ತೂಲು ನಿಧಾನಕ್ಕೆ ಹಿಂದೆ ಬರುತ್ತದೆ. ಇದಿಷ್ಟು ಗೊತ್ತಿದ್ದರೆ ಉಳಿದದ್ದನ್ನು ಯಾರು ಬೇಕಾದರೂ ಕಾಗದದ ಮೇಲೆ ಲೆಕ್ಕ ಹಾಕಬಹುದು.

9 ಎಂಎಂ ಗುಂಡಿನ ತೂಕ ಸುಮಾರು ಏಳೂವರೆ ಗ್ರಾಂ. ಪಿಸ್ತೂಲಿನ ನಳಿಗೆಯಿಂದ ಸೆಕೆಂಡಿಗೆ ಹತ್ತಿರ ಹತ್ತಿರ 350 ಮೀಟರ್ ವೇಗದಲ್ಲಿ ಹೊರಡುತ್ತದೆ. .32 ಪಿಸ್ತೂಲಿನ ಗುಂಡು ನಾಲ್ಕೂವರೆ ಗ್ರಾಂ ಚಿಲ್ಲರೆ, ವೇಗ ಸುಮಾರು 275 ಮೀಟರ್. ಗುಂಡಿನ ಶಕ್ತಿಯನ್ನು ಲೆಕ್ಕ ಹಾಕಿದರೆ 9 ಎಂಎಂನದು .32ರ ಎರಡೂವರೆ ಪಟ್ಟಿಗಿಂತ ಹೆಚ್ಚು. ಜನ ಕಣ್ಣಿಗೆ ಕಂಡ ಈ ಅಂತರವನ್ನೇ ಹಿಡಿದು ಒದೆತವೂ ಎರಡೂವರೆ ಪಟ್ಟು ಎಂದುಕೊಳ್ಳುತ್ತಾರೆ. ಆದರೆ ಕೈಗೆ ಬರುವುದು ರಭಸದ ಪಾಲು. ಅದರ ಲೆಕ್ಕದಲ್ಲಿ ಅಂತರ ಎರಡು ಪಟ್ಟಿಗೆ ಇಳಿಯುತ್ತದೆ.

ಇನ್ನು ಪಿಸ್ತೂಲಿನ ತೂಕವನ್ನು ಸೇರಿಸಿ. ಪೊಲೀಸರ 1ಎ ಖಾಲಿ ಇದ್ದಾಗಲೇ 900 ಗ್ರಾಂ ಆಸುಪಾಸು ತೂಗುತ್ತದೆ, 13 ಗುಂಡು ತುಂಬಿದರೆ ಒಂದು ಕಿಲೋ ದಾಟುತ್ತದೆ. ಮದ್ದಿನ ಹೊಗೆಯ ಪಾಲನ್ನು ಬಿಟ್ಟು ಲೆಕ್ಕ ಹಾಕಿದರೆ ಅದು ಸೆಕೆಂಡಿಗೆ ಸುಮಾರು ಎರಡೂವರೆ ಮೀಟರ್ ವೇಗದಲ್ಲಿ ಕೈ ಮೇಲೆ ಬರುತ್ತದೆ. ಗುಂಡು ತುಂಬಿ 650 ಗ್ರಾಂ ಇರುವ .32 ಪಿಸ್ತೂಲು ಸುಮಾರು ಎರಡು ಮೀಟರ್ ವೇಗದಲ್ಲಿ ಬರುತ್ತದೆ. ಎರಡೂವರೆ ಪಟ್ಟು ಎಂದುಕೊಂಡಿದ್ದ ಅಂತರ ಇಲ್ಲಿ ಕಾಲು ಪಾಲಿಗೆ ಬಂದು ನಿಂತಿತು. ಅದೇ .32 ಗುಂಡನ್ನು ಜೇಬಿನಲ್ಲಿ ಕಾಣದಂತೆ ಕೂರುವ 400 ಗ್ರಾಂನ ಪಿಸ್ತೂಲಿಗೆ ಹಾಕಿದರೆ? ಸೆಕೆಂಡಿಗೆ ಮೂರು ಮೀಟರಿಗೂ ಮೇಲೆ! ಅಂದರೆ ಸಣ್ಣ ಗುಂಡಿನ ಸಣ್ಣ ಪಿಸ್ತೂಲು ದೊಡ್ಡ ಗುಂಡಿನ ದೊಡ್ಡ ಪಿಸ್ತೂಲಿಗಿಂತ ಚುರುಕಾಗಿ ಕೈಗೆ ಬಡಿಯುತ್ತದೆ. ದೊಡ್ಡದು ಕೈಯನ್ನು ನೂಕುತ್ತದೆ, ಸಣ್ಣದು ಚುಚ್ಚುತ್ತದೆ.

2014ರಲ್ಲಿ ಕಾನ್ಪುರದಿಂದ ‘ನಿರ್ಭೀಕ್’ ಎಂಬ ರಿವಾಲ್ವರ್ ಬಂದಾಗ ಅದನ್ನು ಮಹಿಳೆಯರ ಆಯುಧ ಎಂದು ಪತ್ರಿಕೆಗಳೆಲ್ಲ ಬರೆದವು. ಟೈಟಾನಿಯಂ ಮಿಶ್ರಲೋಹ, ಅರ್ಧ ಕಿಲೋ ಚಿಲ್ಲರೆ ತೂಕ, ಪರ್ಸಿನಲ್ಲಿ ಕೂರುವ ಗಾತ್ರ. ಹೊರುವುದಕ್ಕೆ ಹಗುರ ಎಂಬುದು ನಿಜವೇ. ಆದರೆ ಹೊರುವುದಕ್ಕೆ ಹಗುರವಾದದ್ದು ಹೊಡೆಯುವುದಕ್ಕೂ ಹಗುರ ಎಂದು ಯಾವ ಹೆಣ್ಣುಮಗಳೂ ನಂಬಿ ಕೂರಬಾರದು. ರಿವಾಲ್ವರಿನ .32 ಗುಂಡು ಪಿಸ್ತೂಲಿನದಕ್ಕಿಂತ ಭಾರ, ಆರು ಗ್ರಾಂ ದಾಟುತ್ತದೆ. ಅಷ್ಟು ಹಗುರ ಆಯುಧದಿಂದ ಅದನ್ನು ಹೊಡೆದಾಗ ಅಂಗೈಗೆ ಬರುವ ಪೆಟ್ಟಿನ ವೇಗ ಪೊಲೀಸರ 9 ಎಂಎಂಗೆ ಹತ್ತಿರ ಹತ್ತಿರ ಬರುತ್ತದೆ.

ಒಳಗಿನ ಯಂತ್ರದ ಪಾತ್ರ

ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಎರಡು ಪಿಸ್ತೂಲುಗಳ ಹೊಟ್ಟೆಯೊಳಗಿನ ಕೆಲಸವೇ ಬೇರೆ.

.32ರಲ್ಲಿ ನಳಿಗೆ ಕದಲುವುದಿಲ್ಲ. ಗುಂಡು ಸಿಡಿದಾಗ ಮೇಲಿನ ಸ್ಲೈಡ್ ಹಿಂದಕ್ಕೆ ಹಾರದಂತೆ ತಡೆಯುವುದು ಅದರ ತೂಕ ಮತ್ತು ಸ್ಪ್ರಿಂಗ್ ಮಾತ್ರ. ಅದಕ್ಕೇ ಸ್ಪ್ರಿಂಗ್ ಬಿಗಿಯಾಗಿರುತ್ತದೆ. ಸ್ಲೈಡ್ ಒಂದೇ ಏಟಿಗೆ ಹಿಂದೆ ಬಂದು ಗಟ್ಟಿಸುತ್ತದೆ, ಆ ಏಟು ನೇರ ಅಂಗೈಗೆ. 9 ಎಂಎಂನಷ್ಟು ಒತ್ತಡದ ಗುಂಡಿಗೆ ಈ ಏರ್ಪಾಡು ಒಗ್ಗುವುದಿಲ್ಲ, ಸ್ಲೈಡ್ ತೀರಾ ಭಾರ ಮಾಡಬೇಕಾಗುತ್ತದೆ. ಆದ್ದರಿಂದ 1ಎಯಲ್ಲಿ ನಳಿಗೆ ಮತ್ತು ಸ್ಲೈಡ್ ಮೊದಲು ಒಂದಕ್ಕೊಂದು ಕಚ್ಚಿಕೊಂಡು ಕೆಲವು ಮಿಲಿಮೀಟರ್ ಹಿಂದೆ ಸರಿಯುತ್ತವೆ. ಗುಂಡು ಹೊರಬಿದ್ದು ಒತ್ತಡ ಇಳಿದ ಮೇಲೆ ನಳಿಗೆಯ ಹಿಂಭಾಗ ಕೆಳಗೆ ವಾಲಿ ಕಚ್ಚು ಬಿಡುತ್ತದೆ, ಸ್ಲೈಡ್ ಒಂದೇ ಹಿಂದಕ್ಕೆ ಹೋಗಿ ಖಾಲಿ ತೋಟೆಯನ್ನು ಎಸೆಯುತ್ತದೆ. ಪೆಟ್ಟು ಒಮ್ಮೆಲೇ ಬೀಳದೆ ಹಂತ ಹಂತವಾಗಿ ಹರಡಿಕೊಳ್ಳುತ್ತದೆ. ಮೇಲಿನಿಂದ ಎಸೆದ ಇಟ್ಟಿಗೆಯನ್ನು ಹಿಡಿಯುವ ಗಾರೆ ಕೆಲಸದಾಳು ಕೈಯನ್ನು ಬಿಗಿಹಿಡಿಯದೆ ಇಟ್ಟಿಗೆಯ ಜೊತೆ ಹಿಂದಕ್ಕೆ ಬಿಡುತ್ತಾನಲ್ಲ, ಆ ಕೆಲಸವನ್ನು ಇಲ್ಲಿ ಯಂತ್ರ ಮಾಡುತ್ತದೆ.

ಕೈ ಮತ್ತು ನಳಿಗೆಯ ನಡುವಿನ ಎತ್ತರವೂ ಮುಖ್ಯ. ಪೆಟ್ಟು ಬರುವುದು ನಳಿಗೆಯ ಗೆರೆಯಲ್ಲಿ, ತಡೆಯುವ ಕೈ ಇರುವುದು ಅದಕ್ಕಿಂತ ಕೆಳಗೆ. ಆ ಅಂತರ ಹೆಚ್ಚಿದಷ್ಟೂ ಪಿಸ್ತೂಲಿನ ಮೂತಿ ಮೇಲಕ್ಕೆ ಚಿಮ್ಮುತ್ತದೆ. ಗ್ಲಾಕ್ ಪಿಸ್ತೂಲಿನ ದೇಹ ಪ್ಲಾಸ್ಟಿಕ್‌ನದು, 1ಎಗಿಂತ ಹಗುರ. ಆದರೂ ಮೂತಿ ಹತೋಟಿ ತಪ್ಪುವುದಿಲ್ಲ. ಅದರ ನಳಿಗೆ ಕೈಗೆ ಬಹಳ ಹತ್ತಿರ ಕೂತಿರುವುದು ಇದಕ್ಕೊಂದು ಕಾರಣ.

1ಎ ಹಿಡಿದವರಿಗೆ ಇನ್ನೊಂದು ಅನುಭವ ಇರುತ್ತದೆ. ಕೈಯನ್ನು ತೀರಾ ಮೇಲಕ್ಕೆ ತುರುಕಿ ಹಿಡಿದರೆ, ದಪ್ಪ ಕೈಯವರಿಗೆ, ಹ್ಯಾಮರ್ ಹಿಂದಕ್ಕೆ ಬಂದಾಗ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮವನ್ನು ಚಿವುಟುತ್ತದೆ. ರೇಂಜಿನಿಂದ ಬಂದ ಪೊಲೀಸನ ಕೈಯಲ್ಲಿ ಅಲ್ಲೊಂದು ಕೆಂಪು ಗೆರೆ ಕಂಡರೆ ಅದು ಹೀಗೆ ಚಿವುಟಿದ್ದರ ಗುರುತು. ಇದಕ್ಕೆ ಹೆದರಿ ಕೈ ಕೆಳಗೆ ಇಳಿಸಿದರೆ ಮೂತಿ ಚಿಮ್ಮುವುದು ಹೆಚ್ಚಾಗುತ್ತದೆ. ಚರ್ಮ ಹ್ಯಾಮರಿಗೆ ಸಿಗದ, ಆದರೂ ಕೈ ಆದಷ್ಟು ಮೇಲಿರುವ ಜಾಗವನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಕೈಗೆ ತಕ್ಕಂತೆ ಹುಡುಕಿಕೊಳ್ಳಬೇಕು.

ಹಿಡಿತ ಕಲಿಯದ ಕೈ

ಗುರಿ ಹೊಡೆಯುವ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಭೀಮರಾಯನಗುಡಿಯಿಂದ ಸುರಪುರದ ಕಡೆ ಹೋದರೆ ಬೇಡ ನಾಯಕರ ನಾಡು. 1705ರಲ್ಲಿ ಪಿಡ್ಡನಾಯಕನ ಬಂದೂಕಿನವರು ವಾಗಣಗೇರಿ ಕೋಟೆಯಲ್ಲಿ ನಿಂತು ಔರಂಗಜೇಬನ ದೊಡ್ಡ ಸೈನ್ಯವನ್ನು ವಾರಗಟ್ಟಲೆ ತಡೆದರು. ಬಾದಶಹ ತಾನೇ ಮುಂದೆ ನಿಂತು ಮುತ್ತಿದ ಕೊನೆಯ ಕೋಟೆ ಅದು. ಆ ಕಾಲದ ಬತ್ತಿ ಬಂದೂಕು ಉದ್ದ, ಭಾರ. ಅದರ ಪೆಟ್ಟನ್ನು ಬಂದೂಕಿನ ತೂಕ, ಎರಡು ತೋಳು, ಇಡೀ ಮೈ ಸೇರಿ ಹಂಚಿಕೊಳ್ಳುತ್ತಿದ್ದವು. ಪಿಸ್ತೂಲಿಗೆ ಆ ಆಸರೆ ಇಲ್ಲ. ಅಷ್ಟೂ ಹೊರೆ ಮಣಿಕಟ್ಟಿನ ಮೇಲೆ. ಹೊಲದಲ್ಲಿ ಹಂದಿ ಓಡಿಸಲು ಬಂದೂಕು ಹಿಡಿದು ಪಳಗಿದ ರೈತನೂ ಪಿಸ್ತೂಲು ಕೈಗೆ ಬಂದಾಗ ಹೊಸಬನೇ. ‘ನಮ್ಮಪ್ಪನ ಕಾಲದಿಂದ ಬಂದೂಕು ಹಿಡಿದೀವಿ’ ಎನ್ನುವವರಿಗೆ ಇದನ್ನು ಒಪ್ಪಿಸುವುದೇ ಕಷ್ಟ.

ಅಂಥ ಲೈಸೆನ್ಸ್‌ದಾರರೊಬ್ಬರು ಹೊಸ .32 ಪಿಸ್ತೂಲು ತಂದು ರೇಂಜಿನಲ್ಲಿ ಹೊಡೆದದ್ದು ನನಗೆ ಚೆನ್ನಾಗಿ ನೆನಪಿದೆ. ಸಣ್ಣ ಪಿಸ್ತೂಲು, ದೊಡ್ಡ ಅಂಗೈ. ಹಿಡಿಕೆಯ ಮೇಲೆ ಎರಡೇ ಬೆರಳು ಕೂತಿದ್ದವು, ಕಿರುಬೆರಳು ಗಾಳಿಯಲ್ಲಿ. ಆಸರೆಗೆಂದು ತಂದ ಎಡಗೈಯ ಹೆಬ್ಬೆರಳನ್ನು ಸ್ಲೈಡಿನ ಹಿಂದೆ ಅಡ್ಡ ಇಟ್ಟಿದ್ದರು. ನಾನು ತಡೆದು, ಆ ಹೆಬ್ಬೆರಳನ್ನು ಮುಂದಕ್ಕೆ ತರಿಸಿದೆ. ಹಾಗೇ ಬಿಟ್ಟಿದ್ದರೆ ಸ್ಲೈಡ್ ಹಿಂದೆ ಬಂದು ಬೆರಳಿನ ಗಂಟನ್ನು ಸೀಳುತ್ತಿತ್ತು. ಮೊದಲ ಗುಂಡು ಹಾರಿತು, ಎರಡನೆಯದು ಹಾರಲಿಲ್ಲ. ಖಾಲಿ ತೋಟೆ ಸ್ಲೈಡಿನ ಬಾಯಲ್ಲಿ ನಿಂತಂತೆಯೇ ಸಿಕ್ಕಿಬಿದ್ದಿತ್ತು. ‘ಮಾಲ್ ಖರಾಬ್ ಅದ ನೋಡ್ರಿ’ ಎಂದರು ಅವರು. ಪಿಸ್ತೂಲಿನಲ್ಲಿ ದೋಷವಿರಲಿಲ್ಲ. ಮಣಿಕಟ್ಟು ಸಡಿಲ ಬಿಟ್ಟರೆ ಪಿಸ್ತೂಲಿನ ದೇಹವೂ ಸ್ಲೈಡಿನ ಜೊತೆ ಹಿಂದೆ ಹೋಗುತ್ತದೆ, ಸ್ಲೈಡಿಗೆ ಸ್ಪ್ರಿಂಗನ್ನು ಪೂರ್ತಿ ಅದುಮುವ ಬಲ ಉಳಿಯುವುದಿಲ್ಲ. ಅದೇ ಪಿಸ್ತೂಲನ್ನು ಕೈ ಮೇಲೇರಿಸಿ, ಎಡಗೈಯಿಂದ ಬಲಗೈ ಬೆರಳುಗಳನ್ನು ಸುತ್ತಿ ಹಿಡಿಸಿ, ಮಣಿಕಟ್ಟು ಗಟ್ಟಿ ಮಾಡಿಸಿ ಹೊಡೆಸಿದಾಗ ಒಂದೂ ಸಿಕ್ಕಿಬೀಳಲಿಲ್ಲ.

ಇನ್ನೊಂದು ತೊಡಕು ಸ್ಲೈಡ್ ಎಳೆಯುವುದು. .32ರ ಬಿಗಿ ಸ್ಪ್ರಿಂಗಿನಿಂದಾಗಿ, ಬೆರಳಲ್ಲಿ ಶಕ್ತಿ ಕಡಿಮೆ ಇರುವ ವಯಸ್ಸಾದವರಿಗೆ ಮೊದಲ ಗುಂಡು ಏರಿಸುವುದೇ ಸಾಹಸವಾಗುತ್ತದೆ. ಹಿಡಿಯಲು ಸ್ಲೈಡಿನ ಮೇಲೆ ಜಾಗವೂ ಕಡಿಮೆ. ಎಳೆಯುವ ಹರಸಾಹಸದಲ್ಲಿ ಮೂತಿ ಪಕ್ಕದವರ ಕಡೆ ತಿರುಗುವುದನ್ನು, ಬೆರಳು ಟ್ರಿಗರಿನ ಮೇಲೆ ಹೋಗುವುದನ್ನು ಕಂಡಿದ್ದೇನೆ. ಪಿಸ್ತೂಲು ಕೊಳ್ಳುವ ಮುನ್ನ ಅಂಗಡಿಯಲ್ಲಿ ನೋಡಬೇಕಾದದ್ದು ಹೊಳಪನ್ನಲ್ಲ, ಇದನ್ನು.

ಗುಂಡಿಗಿಂತ ಮೊದಲು ಬರುವ ಭಯ

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. 9 ಎಂಎಂ ಇರಲಿ, .32 ಇರಲಿ, ಒದೆತದಿಂದ ಗುರಿ ತಪ್ಪುವುದು ಕಡಿಮೆ. ಗುರಿ ತಪ್ಪಿಸುವುದು ಒದೆತದ ಭಯ.

1ಎಯ ನಳಿಗೆ ಸುಮಾರು 118 ಮಿಲಿಮೀಟರ್ ಉದ್ದ. ಮದ್ದು ಸಿಡಿದು ಗುಂಡು ಅದನ್ನು ದಾಟಿ ಹೊರಬೀಳಲು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಬೇಕಾಗುವುದಿಲ್ಲ. ಅಷ್ಟರಲ್ಲಿ ಸ್ಲೈಡ್ ಹಿಂದೆ ಸರಿದಿರುವುದು ಎರಡು ಮಿಲಿಮೀಟರ್ ಆಸುಪಾಸು. ಮನುಷ್ಯನಿಗೆ ಪೆಟ್ಟು ತಿಳಿದು ಕೈ ಪ್ರತಿಕ್ರಿಯಿಸಲು ಸೆಕೆಂಡಿನ ಐದನೇ ಒಂದು ಪಾಲು ಬೇಕು. ಆ ಹೊತ್ತಿಗೆ ಗುಂಡು ಗುರಿಹಲಗೆಯನ್ನು ದಾಟಿ ಹಿಂದಿನ ಮಣ್ಣಿನ ದಿಬ್ಬದಲ್ಲಿ ಹೂತಿರುತ್ತದೆ. ಒದೆತ ಅನುಭವಕ್ಕೆ ಬಂದ ಮೇಲೆ ನೀವು ಏನೇ ಮಾಡಿದರೂ ಆ ಗುಂಡಿಗೆ ಸಂಬಂಧವಿಲ್ಲ. ಗುಂಡನ್ನು ಕೆಡಿಸುವುದು ಟ್ರಿಗರ್ ಬೀಳುವ ಮೊದಲೇ, ಬರಲಿರುವ ಪೆಟ್ಟನ್ನು ನೆನೆದು ಕೈ ಮಾಡುವ ಕೆಲಸ.

ಅದನ್ನು ಕಣ್ಣಾರೆ ಕಾಣಿಸಲು ನಾವು ಮಾಡುತ್ತಿದ್ದುದು ಡಮ್ಮಿ ಗುಂಡಿನ ಅಭ್ಯಾಸ. ಹೊಸದಾಗಿ ಸೇರಿದ ಮಹಿಳಾ ಕಾನ್‌ಸ್ಟೇಬಲ್ ಒಬ್ಬರು ಎಷ್ಟು ಹೊಡೆದರೂ ಗುಂಡು ಹಲಗೆಯ ಕೆಳಗೆ ಎಡಮೂಲೆಗೇ ಹೋಗುತ್ತಿತ್ತು. ಬಲಗೈಯವರು ಹೆದರಿದಾಗ ಗುಂಡು ಹೋಗುವುದು ಸಾಮಾನ್ಯವಾಗಿ ಅಲ್ಲಿಗೇ. ‘ಸರ್, ನನಗ ನೈನ್ ಎಂಎಂ ಭಾರ ಆಗ್ತದ್ರಿ’ ಎಂದರು. ನಾನು ಮ್ಯಾಗಜಿನ್ ತೆಗೆದುಕೊಂಡು ಅವರಿಗೆ ಕಾಣದಂತೆ ಜೀವಂತ ಗುಂಡುಗಳ ನಡುವೆ ಡಮ್ಮಿ ಸೇರಿಸಿ ಕೊಟ್ಟೆ. ಮೊದಲ ಗುಂಡು ಹಾರಿತು. ಮುಂದಿನ ಸಲ ಟ್ರಿಗರ್ ಅದುಮಿದಾಗ ಬರೀ ‘ಟಕ್’ ಎಂದಿತು. ಒದೆಯಲು ಅಲ್ಲಿ ಏನೂ ಇರಲಿಲ್ಲ. ಆದರೂ ಪಿಸ್ತೂಲಿನ ಮೂತಿ ಮೂರು ಬೆರಳಷ್ಟು ಕೆಳಗೆ ಬಿತ್ತು, ಭುಜ ಮುಂದಕ್ಕೆ ಬಂತು, ಎರಡೂ ಕಣ್ಣು ಮುಚ್ಚಿದ್ದವು. ಅವರೇ ತಮ್ಮ ಕೈಯನ್ನು ನೋಡಿಕೊಂಡು ನಿಂತರು. ಮಾತು ಬೇಕಾಗಲಿಲ್ಲ.

ಅಲ್ಲಿಂದ ಮುಂದೆ ಪಿಸ್ತೂಲು ಬದಲಾಯಿಸಲಿಲ್ಲ. ಕಿವಿಗೆ ಮುಚ್ಚಳ ಸರಿಯಾಗಿ ಹಾಕಿಸಿದೆವು, ಏಕೆಂದರೆ ಜನ ಒದೆತ ಎಂದುಕೊಳ್ಳುವುದರಲ್ಲಿ ದೊಡ್ಡ ಪಾಲು ಸದ್ದಿನದು. ಪಿಸ್ತೂಲು ಖಾಲಿ ಎಂದು ಇಬ್ಬರು ಪರೀಕ್ಷಿಸಿದ ಮೇಲೆ, ಮುಂದಿನ ಗುರಿಕಣ್ಣು ಕದಲದಂತೆ ಟ್ರಿಗರ್ ಅದುಮುವುದನ್ನು ದಿನವೂ ಮಾಡಿಸಿದೆವು. ಡಮ್ಮಿ ಬೆರೆಸುವುದು ಮುಂದುವರಿಯಿತು. ತರಬೇತಿ ಮುಗಿಯುವ ಹೊತ್ತಿಗೆ ಅವರ ಗುಂಡುಗಳು ಹಲಗೆಯ ನಡುವೆ ಅಂಗೈ ಅಗಲದಲ್ಲಿ ಗುಂಪಾಗಿ ಕೂರುತ್ತಿದ್ದವು. ಅದೇ ನೈನ್ ಎಂಎಂ, ಅದೇ ಕೈ.

ಒದೆತ ಕಡಿಮೆಯಾದರೆ ಗುರಿ ಸುಲಭ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಒಲಿಂಪಿಕ್ಸ್‌ನ 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆಯಲ್ಲಿ 2004ರವರೆಗೂ .22 ಶಾರ್ಟ್ ಎಂಬ ಪುಟ್ಟ ಗುಂಡನ್ನು ಬಳಸುತ್ತಿದ್ದರು. ಮುಂದಿನ ವರ್ಷ ನಿಯಮ ಬದಲಾಗಿ ಸ್ವಲ್ಪ ಹೆಚ್ಚು ಒದೆಯುವ .22 ಲಾಂಗ್ ರೈಫಲ್ ಕಡ್ಡಾಯವಾಯಿತು. ಆಗ ನಮ್ಮ ಸೇನೆಯಲ್ಲಿದ್ದ ವಿಜಯ್ ಕುಮಾರ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು ಈ ಹೊಸ ನಿಯಮದಲ್ಲೇ. ಬೆಂಗಳೂರಿನ ಪ್ರಕಾಶ್ ನಂಜಪ್ಪ ರಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ 50 ಮೀಟರ್ ಪಿಸ್ತೂಲಿನ ಗುಂಡೂ .22. ಕಲಿಯುವವರು .22ರಿಂದ ಶುರು ಮಾಡುವುದು ಒಳ್ಳೆಯದು ಎಂದು ನಾನು ಹೇಳುವುದು ಇದಕ್ಕೇ: ಭಯ ಹುಟ್ಟುವ ಮೊದಲೇ ಬೆರಳಿಗೆ ಒಳ್ಳೆಯ ರೂಢಿ ಬೀಳಲಿ. ಭಯ ಒಮ್ಮೆ ಕೂತರೆ ಅದನ್ನು ತೆಗೆಯಲು ಕಲಿತದ್ದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ.

ಲೈಸೆನ್ಸ್ ಕೈಗೆ ಬಂದ ಮೇಲೆ

2016ರ ಆಯುಧ ನಿಯಮಗಳು ಲೈಸೆನ್ಸ್ ಕೇಳುವವರಿಗೆ ಸುರಕ್ಷಿತ ಬಳಕೆಯ ತರಬೇತಿ ಬೇಕೆನ್ನುತ್ತವೆ. ಅನೇಕರು ಅದನ್ನು ಅರ್ಜಿಗೆ ಲಗತ್ತಿಸುವ ಕಾಗದವೆಂದು ತಿಳಿದಿದ್ದಾರೆ. ಪಿಸ್ತೂಲು ಬಂದ ಮೇಲೆ ಆಯುಧ ಪೂಜೆಯಲ್ಲಿ ಕುಂಕುಮ ಹಚ್ಚುತ್ತಾರೆ, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುತ್ತಾರೆ, ಮತ್ತೆ ತಂದು ಕಪಾಟಿನಲ್ಲಿಡುತ್ತಾರೆ. ವರ್ಷಗಟ್ಟಲೆ ಒಂದು ಗುಂಡೂ ಹಾರಿಸಿರುವುದಿಲ್ಲ. ಅಂಥವರಿಗೆ ಆಪತ್ತಿನ ಹೊತ್ತಿನಲ್ಲಿ, ಕತ್ತಲಲ್ಲಿ, ಎದೆ ಹೊಡೆದುಕೊಳ್ಳುವಾಗ ಆ ಸಣ್ಣ ಪಿಸ್ತೂಲಿನ ಚುರುಕು ಪೆಟ್ಟು ಮೊದಲ ಸಲ ಕೈಗೆ ಬಿದ್ದರೆ ಎರಡನೇ ಗುಂಡು ಎಲ್ಲಿ ಹೋಗುತ್ತದೆ, ಯಾರಿಗೆ ತಗಲುತ್ತದೆ ಎಂದು ಹೇಳುವವರು ಯಾರು? ಭೀಮರಾಯನಗುಡಿಯ ಕ್ವಾರ್ಟರ್ಸ್‌ಗಳಂತೆ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳಲ್ಲಿ ಕಿಟಕಿಯಾಚೆ ಇರುವುದು ಪಕ್ಕದ ಮನೆಯ ಮಕ್ಕಳು.

ಆದ್ದರಿಂದ ಕೇಳಿದವರಿಗೆಲ್ಲ ನನ್ನ ಉತ್ತರ ಇದು. ಲೈಸೆನ್ಸ್ ಇದ್ದು, ನಿಜಕ್ಕೂ ಅಗತ್ಯವೂ ಇದ್ದರೆ, ಜೇಬಿನಲ್ಲಿ ಕಾಣದಷ್ಟು ಸಣ್ಣದನ್ನು ಹುಡುಕಬೇಡಿ. ಮೂರು ಬೆರಳೂ ಹಿಡಿಕೆಯ ಮೇಲೆ ಕೂರುವ, ತೂಕ ತುಸು ಹೆಚ್ಚಿರುವ, ಸ್ಲೈಡನ್ನು ನಿಮ್ಮ ಬೆರಳೇ ಎಳೆಯಬಲ್ಲ ಪಿಸ್ತೂಲನ್ನು ಆರಿಸಿ. ಅನುಮತಿ ಇರುವ ರೇಂಜಿನಲ್ಲಿ, ಕಲಿಸುವವರ ಎದುರು, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಹಾಕಿ, ಕೈಗೆ ಭಯ ಬಿಡುವವರೆಗೆ ಹೊಡೆಯಿರಿ. ಡಮ್ಮಿ ಗುಂಡಿಗೆ ಮೂತಿ ಕದಲದ ದಿನ ನಿಮ್ಮ ಕೈ ಪಳಗಿದೆ ಎಂದು ತಿಳಿಯಿರಿ. ಅಷ್ಟು ಸಮಯ ಕೊಡಲು ಆಗುವುದಿಲ್ಲ ಎನ್ನುವವರು ಪಿಸ್ತೂಲನ್ನು ಕೊಳ್ಳದೇ ಇರುವುದು ಮೇಲು. ಆ ದುಡ್ಡಿಗೆ ಒಳ್ಳೆಯ ಬೀಗ, ಅಂಗಳಕ್ಕೊಂದು ದೀಪ, ಬಾಗಿಲಿಗೊಂದು ಕ್ಯಾಮೆರಾ ಬರುತ್ತವೆ, ಮನೆಯೂ ಹೆಚ್ಚು ಸುರಕ್ಷಿತವಾಗಿರುತ್ತದೆ.